ಹೆಸರಿಲ್ಲದ ಟರ್ಬೊ: ಫೋಟೊ, ಫಲಕ, ವರ್ನಿಯರ್

ಪುಣೆಯಲ್ಲಿ ನಾನು ಕೊಂಡ ಹಳೆಯ ಸ್ಕೋಡಾ ಕಾರು ಆಕ್ಟೇವಿಯಾ ವಿಆರ್‌ಎಸ್‌ನಲ್ಲಿ ಕಂಪನಿಯ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಭಾಗ) ಇರಲಿಲ್ಲ. ಮಾರಿದವರು ‘ಕೆ04 ಹಾಕಿಸಿದ್ದೇವೆ’ ಎಂದರು, ಅಂದರೆ ಕೆಕೆಕೆ ಕಂಪನಿಯ ಒಂದು ಟರ್ಬೊ ಮಾದರಿ. ಬಿಲ್ ತೋರಿಸಲಿಲ್ಲ. ಈಗ ಶಾಫ್ಟ್ ಸವೆದು ಎಣ್ಣೆ ಹೊಗೆ ಶುರುವಾಗಿದೆ. ಯಾವ ಟರ್ಬೊ ಎಂದು ತಿಳಿಯದೆ ಬಿಡಿಭಾಗ ತರಿಸುವುದಾದರೂ ಹೇಗೆ? ಮೂರು ದಾರಿ ಹಿಡಿದು ನೋಡಿದೆ. ನನ್ನ ಮತ ವರ್ನಿಯರ್ ಕ್ಯಾಲಿಪರ್‌ಗೇ.

ಫೋಟೊ: ನಾನಾ ಪೇಠೆಯ ಅಂಗಡಿಗಳಲ್ಲಿ ತೋರಿಸಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು.

ಫಲಕ: ಟರ್ಬೊ ಮೇಲೆ ಸಂಖ್ಯೆ ಬರೆದ ಈ ತಗಡು ಇದ್ದರೆ ಅರ್ಧ ಕೆಲಸ ಮುಗಿದಂತೆ. ಕೆಕೆಕೆ ಟರ್ಬೊಗಳಲ್ಲಿ ಸಂಖ್ಯೆ 5303ರಿಂದ ಶುರುವಾದರೆ ಕೆ03, 5304 ಆದರೆ ಕೆ04. ನನ್ನದರಲ್ಲಿ ರಿವೆಟ್ ತೂತುಗಳಷ್ಟೇ ಉಳಿದಿದ್ದವು.

ವರ್ನಿಯರ್: ಗಾಳಿಯ ಹೋಸ್ ಕಳಚಿದರೆ ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ಮೂತಿ ಕಾಣುತ್ತದೆ. ಅಲ್ಲಿ ಚಕ್ರವನ್ನೇ ಅಳೆಯಬೇಕು. ಕವಚದ ಬಾಯಿ ಅಳೆದರೆ ನಡುವಿನ ಸಂದು ಸೇರಿ ಲೆಕ್ಕ ತಪ್ಪುತ್ತದೆ. ನಿಜವಾದ ತಲೆನೋವು ಚಕ್ರದ ಹಿಂಬದಿಯ ದೊಡ್ಡ ವ್ಯಾಸ. ಅದು ಕವಚದೊಳಗೆ ಅಡಗಿರುತ್ತದೆ. ಈ ಕಾರಿನಲ್ಲಿ ಟರ್ಬೊ ಇರುವುದು ಎಂಜಿನ್ನಿನ ಹಿಂದೆ, ಕ್ಯಾಬಿನ್ ಕಡೆಯ ಗೋಡೆಯಾದ ಫೈರ್‌ವಾಲ್ ಕಡೆಗೆ. ಕೈ ತೂರಿಸುವುದೇ ಕಷ್ಟ, ಹಾಗಾಗಿ ಕೆಳಗಿಳಿಸಲೇಬೇಕಾಯಿತು. ಕವಚ ತುಕ್ಕಿಗೆ ಕಚ್ಚಿಕೊಂಡಿತ್ತು. ಅದು ಯಾವ ಕೋನದಲ್ಲಿ ಕೂತಿದೆ ಎಂದು ಮೊದಲೇ ಗೆರೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮರಳಿ ಜೋಡಿಸುವಾಗ ಪೈಪುಗಳು ಕೂಡುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮರದ ಸುತ್ತಿಗೆಯಿಂದ ಸುತ್ತಲೂ ಸಮನಾಗಿ ತಟ್ಟಿದೆವು. ಓರೆಯಾಗಿ ಎಳೆದರೆ ಬ್ಲೇಡ್ ಬಾಗುತ್ತದೆ. ಭೋಸರಿಯ ಟೂಲ್ ರೂಮಿನಲ್ಲಿರುವ ವಿಜಯಪುರದ ಗೆಳೆಯ ಸಿದ್ದಣ್ಣನ ತಾಳ್ಮೆಯಿಂದಲೇ ಅದು ಬಿಟ್ಟುಕೊಂಡಿತು.

ಮೂತಿ 47.2 ಮಿ.ಮೀ., ಹಿಂಬದಿ 60. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ, ವರ್ಗ ಮಾಡಿ, ನೂರರಿಂದ ಗುಣಿಸಿದರೆ ಬರುವುದೇ ಟ್ರಿಮ್: 62. ಎಂಜಿನ್ ಹೊಗೆ ಹಾಯುವ ಬಿಸಿ ಕವಚದ ಮೇಲೆ ಅದರ ಗಾತ್ರ ಸೂಚಿಸುವ ಎ/ಆರ್ .64 ಎಂದು ಎರಕದಲ್ಲೇ ಇತ್ತು. ಇವು ಕೆ04 ಅಳತೆಗಳಲ್ಲ, ಗ್ಯಾರೆಟ್ ಕಂಪನಿಯ ಜಿಟಿ2860ಆರ್‌ಎಸ್‌ನವು.

ಆದರೆ ಅಸಲಿ ಜಿಟಿ2860ಆರ್‌ಎಸ್‌ಗೆ ಬಾಲ್ ಬೇರಿಂಗ್ ಇರುತ್ತದೆ, ನನ್ನದರಲ್ಲಿ ಸಿಕ್ಕಿದ್ದು ಗುಂಡುಗಳಿಲ್ಲದ ಬುಷ್ ಬೇರಿಂಗ್. ಅಂದರೆ ಅಳತೆ ನಕಲು ಮಾಡಿದ ಮಾಲು. ಫಲಕ ಇದ್ದಿದ್ದರೂ ಇದು ತಿಳಿಯುತ್ತಿರಲಿಲ್ಲ, ಫಲಕವನ್ನೂ ನಕಲು ಮಾಡುತ್ತಾರೆ.

ಗಡಿಬಿಡಿಯಲ್ಲಿರುವವರು ಕಾರನ್ನು ಟ್ಯೂನಿಂಗ್ ಗ್ಯಾರೇಜಿಗೆ ಬಿಡಲಿ. ನಾನು ಭಾನುವಾರ ಸ್ಪ್ಯಾನರ್ ಹಿಡಿಯುವವನು, ಜೇಬೂ ಚಿಕ್ಕದು. ವಾರದ ದಿನ ಆಫೀಸಿಗೆ ಬಸ್ ಇದೆ, ಕಾರು ಕಾಯಬಹುದು. ಈ ಅಳತೆಗಳನ್ನೇ ಬರೆದು ಕೊಟ್ಟು ಬುಷ್ ಬೇರಿಂಗಿನ ಕೋರ್ (ಚಕ್ರ, ಶಾಫ್ಟ್, ಬೇರಿಂಗ್ ಸೇರಿದ ಒಳಭಾಗ) ತರಿಸಲು ಹೇಳಿದ್ದೇನೆ. ಅದು ಬಂದ ಮೇಲೆ ಇಸಿಯು ಮ್ಯಾಪ್ ಮಾಡುವವನ, ಅಂದರೆ ಎಂಜಿನ್ ಕಂಪ್ಯೂಟರನ್ನು ಟರ್ಬೊಗೆ ಹೊಂದಿಸುವವನ ಕೈಗೂ ಇದೇ ಚೀಟಿ ಹೋಗುತ್ತದೆ.