ಕೈಕೆಲಸದ ಗಾಜಿನ ಮಣಿ ತರಿಸುವವರು ಮೊದಲು ತೂತು ನೋಡಿ

ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಸರ ಪೋಣಿಸಿ ಮಾರುವವರಿಗೆ ಆನ್‌ಲೈನ್‌ನಲ್ಲಿ ಓಡುತ್ತಿರುವ ಒಂದು ಬಗೆಯ ಸರಕಿನ ಬಗ್ಗೆ ಈ ಎಚ್ಚರಿಕೆ. ‘ಅಪ್ಪಟ ಕೈಕೆಲಸದ ಲ್ಯಾಂಪ್‌ವರ್ಕ್ ಮಣಿ’ (ಉರಿಯಲ್ಲಿ ಗಾಜು ಕರಗಿಸಿ ಒಂದೊಂದಾಗಿ ಮಾಡುವ ಮಣಿ) ಎಂಬ ಹೆಸರಲ್ಲಿ ಬೇಸಗೆಯಲ್ಲಿ ಬಂದ ಮಾಲು ಅದು. ಜಾತ್ರೆಯ ಮಳಿಗೆಗಳಲ್ಲಿ, ಮದುವೆ ಸೀಸನ್ನಿನಲ್ಲಿ ಸರಗಳು ಚೆನ್ನಾಗಿಯೇ ಹೋದವು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಒಂದೊಂದಾಗಿ ವಾಪಸು ಬರತೊಡಗಿದವು. ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕೆಲವು ಸರ ತುಂಡು, ಕೆಲವದರಲ್ಲಿ ಮಣಿಯೇ ಸೀಳು, ಇನ್ನು ಕೆಲವದರಲ್ಲಿ ಹುಕ್ಕು ಹಸಿರುಗಟ್ಟಿ ಕುತ್ತಿಗೆಯಲ್ಲಿ ತುರಿಕೆ. ಮಾರಿದವರ ಉತ್ತರ ಒಂದೇ: ‘ನಿಮ್ಮ ಸಮುದ್ರದ ಹವೆಗೆ ಹಾಗಾಗುತ್ತದೆ.’

ಇದು ಅರ್ಧ ಸತ್ಯ, ಅದಕ್ಕೇ ಅಪಾಯಕಾರಿ. ಗಾಜಿನೊಳಗೆ ಒತ್ತಡ ಉಳಿದಿದ್ದರೆ ತೇವದಲ್ಲಿ ಬಿರುಕು ಬೇಗ ಬೆಳೆಯುತ್ತದೆ, ನಿಜ. ಆದರೆ ಆ ಒತ್ತಡ ಹುಟ್ಟಿದ್ದು ಮಣಿ ಮಾಡಿದ ಬೆಂಕಿಯ ಮುಂದೆ, ಪಣಂಬೂರಿನ ಕಡಲ ಗಾಳಿಯಲ್ಲಲ್ಲ. ಸರಗಳನ್ನು ಬಿಚ್ಚಿ ಲೂಪಿನಡಿ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ನೋಡಿದರೆ ಕಾಣುವ ದೋಷಗಳೆಲ್ಲ ಕೊಳ್ಳುವ ದಿನವೇ ಹಿಡಿಯಬಹುದಾದಂಥವು.

ಮೊದಲು ತೂತು. ಲ್ಯಾಂಪ್‌ವರ್ಕ್ ಮಣಿ ಮಾಡುವಾಗ ಒಂದೂವರೆ ಎರಡು ಮಿಲಿಮೀಟರಿನ ಸ್ಟೀಲ್ ಕಡ್ಡಿಯನ್ನು ಅಲ್ಯುಮಿನಾ, ಜೇಡಿ ಬೆರೆಸಿದ ತೆಳು ಗಂಜಿಯಲ್ಲಿ ಅದ್ದಿ ಒಣಗಿಸುತ್ತಾರೆ. ಅದರ ಮೇಲೆ ಕರಗಿದ ಗಾಜನ್ನು ಸುತ್ತುತ್ತಾರೆ. ಈ ಲೇಪ ಇಲ್ಲದಿದ್ದರೆ ಗಾಜು ಕಡ್ಡಿಗೆ ಕಚ್ಚಿಕೊಳ್ಳುತ್ತದೆ. ಮಣಿ ಆರಿದ ಮೇಲೆ ಕಡ್ಡಿ ಎಳೆದು, ತೂತಿನೊಳಗೆ ಉಳಿದ ಪುಡಿಯನ್ನು ನೀರಲ್ಲಿ ಉಜ್ಜಿ ತೆಗೆಯಬೇಕು. ಅಗ್ಗದ ಮಾಲಿನಲ್ಲಿ ಈ ಕೊನೆಯ ಕೆಲಸವನ್ನೇ ಬಿಟ್ಟಿರುತ್ತಾರೆ. ಬೂದು ಬಣ್ಣದ ಆ ಪುಡಿ ಉಜ್ಜುಕಾಗದದ ಹಾಗೆ ದಾರವನ್ನು ದಿನವೂ ಸವೆಸುತ್ತದೆ. ಬೆವರು ಸೇರಿದರೆ ಕೆಸರಾಗಿ ಬಿಳಿ ರವಿಕೆಗೆ ಕಲೆ ಹಿಡಿಸುತ್ತದೆ.

ಪುಡಿಗಿಂತ ಕೆಟ್ಟದ್ದು ತೂತಿನ ಅಂಚು. ಕಡ್ಡಿಯ ಮೇಲೆ ಸುತ್ತಿದ ಗಾಜು ಅಗಲಕ್ಕೆ ತಕ್ಕಷ್ಟು ಇದ್ದರೆ ಮಣಿಯ ಎರಡು ತುದಿ ಒಳಕ್ಕೆ ಬಾಗಿ ಚಿಕ್ಕ ಗುಳಿಯಾಗುತ್ತದೆ. ಗಾಜು ಉಳಿಸಲು ಹೋದರೆ ತುದಿಗಳು ಹೊರಕ್ಕೆ ಮೊನೆಯಾಗಿ ನಿಲ್ಲುತ್ತವೆ, ಆ ಮೊನೆ ಬ್ಲೇಡು. ಪಕ್ಕದ ಮಣಿಗೆ ತಾಗಿದಾಗ ಚಕ್ಕೆ ಏಳುತ್ತದೆ, ಸರ ಪೋಣಿಸಿದ ತಂತಿಯ ನೈಲಾನ್ ಹೊದಿಕೆ ಸೀಳುತ್ತದೆ. ನಂತರ ಒಳಗಿನ ಉಕ್ಕಿನ ಎಳೆ ಒಂದೊಂದಾಗಿ ತುಂಡಾಗುತ್ತದೆ. ಸರ ಕಡಿಯುವುದು ಕೊನೆಯ ಎಳೆಯ ದಿನ, ಹಾಗಾಗಿ ‘ನಿನ್ನೆವರೆಗೆ ಸರಿ ಇತ್ತಲ್ಲ’ ಎಂದು ಗಿರಾಕಿ ಹೇಳುವುದು ಸುಳ್ಳಲ್ಲ. ಪರೀಕ್ಷೆ ಸುಲಭ: ಹಳೆಯ ನೈಲಾನ್ ಕಾಲುಚೀಲವನ್ನು ಬೆರಳಿಗೆ ಸುತ್ತಿ ತೂತಿನ ಬಾಯಿ ಮೇಲೆ ಸವರಿ. ಎಳೆ ಸಿಕ್ಕಿಕೊಂಡರೆ ಆ ಮಣಿ ಸರಕ್ಕಲ್ಲ.

ಕೊಳವೆಯಾಗಿ ಎಳೆದು ಕತ್ತರಿಸಿದ ಮಣಿಗೆ ಈ ರೋಗವಿಲ್ಲ. ಆಂಧ್ರದ ಪಾಪನಾಯ್ಡುಪೇಟೆಯದ್ದು ಆ ಬಗೆ. ಕಡ್ಡಿಯೇ ಇಲ್ಲದ್ದರಿಂದ ಲೇಪದ ಪುಡಿಯೂ ಇಲ್ಲ. ಕತ್ತರಿಸಿದ ಮೇಲೆ ಅಂಚು ದುಂಡಗಾಗುವಂತೆ ಮತ್ತೆ ಕಾಯಿಸಿದ್ದರೆ ನೂಲು ವರ್ಷಗಟ್ಟಲೆ ಬಾಳುತ್ತದೆ. ಉತ್ತರ ಪ್ರದೇಶದ ಪುರ್ದಿಲ್‌ನಗರದ ಸುತ್ತಿದ ಮಣಿಗಳಲ್ಲೂ ಒಳ್ಳೆಯ ಕೆಲಸ ಧಾರಾಳ ಇದೆ. ಬನಾರಸಿನ ಗಾಜಿನ ಮಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ದೂರು ಕಸುಬುದಾರರ ಮೇಲಲ್ಲ. ಅವರ ಊರಿನ ಹೆಸರು ಹಾಕಿ ಎಲ್ಲೆಲ್ಲಿಯದೋ ಎರಡನೇ ದರ್ಜೆ ಮಾಲು ತುಂಬಿಸಿ ಕಳಿಸುವವರ ಮೇಲೆ.

ಎರಡನೆಯದು ಅನೀಲಿಂಗ್, ಅಂದರೆ ಗಾಜನ್ನು ಕುಲುಮೆಯಲ್ಲಿ ನಿಧಾನವಾಗಿ ಆರಿಸುವುದು. ಬೆಂಕಿಯಿಂದ ತೆಗೆದ ಮಣಿಯ ಹೊರಮೈ ಮೊದಲು ಆರಿ ಬಿಗಿಯುತ್ತದೆ, ಒಳಗು ಇನ್ನೂ ಬಿಸಿ. ಹೊರಮೈ ಗಟ್ಟಿಯಾದ ಮೇಲೆ ಒಳಗು ಕುಗ್ಗುವಾಗ ಎರಡರ ನಡುವೆ ಎಳೆತ ಉಳಿಯುತ್ತದೆ, ಮೇಲೆ ಹೇಳಿದ ಒತ್ತಡ ಇದೇ. ಲ್ಯಾಂಪ್‌ವರ್ಕಿಗೆ ಬಳಸುವ ಮೃದು ಗಾಜನ್ನು ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಲುಮೆಯಲ್ಲಿ ಇಟ್ಟು, ಅಲ್ಲಿಂದ ಗಂಟೆಗಟ್ಟಲೆ ನಿಧಾನವಾಗಿ ಇಳಿಸಿದರೆ ಈ ಎಳೆತ ಹೋಗುತ್ತದೆ. ಬೋರೋಸಿಲಿಕೇಟ್ ಎಂಬ ಗಡಸು ಗಾಜಾದರೆ ಇನ್ನೂ ಹೆಚ್ಚು, 565ರ ಆಸುಪಾಸು. ಬೂದಿಯಲ್ಲೋ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದಲ್ಲೋ ಹೂತು ಆರಿಸಿದರೆ 6 ಮಿಲಿಮೀಟರಿನ ಮಣಿ ಬದುಕೀತು. 12 ಮಿಲಿಮೀಟರ್ ದಾಟಿದ, ಮೇಲೆ ಹೂ ಬಳ್ಳಿ ಎಬ್ಬಿಸಿದ ಮಣಿಗೆ ಅದು ಸಾಲದು. ಇದರ ಜೊತೆ ಹಿಗ್ಗುವ ಪ್ರಮಾಣ ಬೇರೆಬೇರೆ ಇರುವ ಎರಡು ಗಾಜು ಬೆರೆಸಿದ್ದರೆ ಯಾವ ಕುಲುಮೆಯೂ ಉಳಿಸಲಾರದು. ಹಿಗ್ಗುವ ಪ್ರಮಾಣದ ಅಂಕಿ 104 ಇರುವ ಗಾಜಿನ ಮೇಲೆ 90ರ ಗಾಜಿನ ಚುಕ್ಕಿ ಇಟ್ಟರೆ ಚುಕ್ಕಿಯ ಸುತ್ತ ಉಂಗುರದಂತೆ ಬಿರುಕು ಬರುತ್ತದೆ, ಅದೇ ದಿನವೋ ಮೂರು ತಿಂಗಳಿಗೋ. ವಾಪಸು ಬಂದ ಮಣಿಗಳಲ್ಲಿ ಹೆಚ್ಚಿನವು ಚುಕ್ಕಿಯ ಸುತ್ತಲೇ ಸೀಳಿದ್ದವು, ಅಲ್ಲಿಗೆ ಹವೆಯ ಕಥೆ ಮುಗಿಯಿತು.

ಪಾರದರ್ಶಕ ಮಣಿಯ ಎಳೆತವನ್ನು ಮನೆಯಲ್ಲೇ ನೋಡಬಹುದು. ಎಲ್‌ಸಿಡಿ ಲ್ಯಾಪ್‌ಟಾಪ್ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಮಣಿಯನ್ನು ನಡುವೆ ಹಿಡಿಯಿರಿ. ತೂತಿನ ಅಥವಾ ಚುಕ್ಕಿಯ ಸುತ್ತ ಬೆಳ್ಳಗೆ ಹೊಳೆದರೆ ಅಲ್ಲಿ ಒತ್ತಡ ಇದೆ. ಮಣಿ ಪೂರ್ತಿ ಕಪ್ಪಾಗಿಯೇ ಉಳಿದರೆ ಒಳ್ಳೆಯದು. ಅಪಾರದರ್ಶಕ ಮಣಿಗೆ ಈ ಉಪಾಯ ನಡೆಯದು. ಅಂಥ ಮಾಲಿನಲ್ಲಿ ನಾಲ್ಕೈದು ಮಣಿ ಬಲಿ ಕೊಡಿ: ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ನಲ್ಲಿ ನೀರಿಗೆ ಹಾಕಿ, ಆಮೇಲೆ ಲೂಪಿನಲ್ಲಿ ನೋಡಿ. ಕುದಿನೀರಿಗೆ ಹಾಕಬೇಡಿ, ಅದಕ್ಕೆ ಒಳ್ಳೆಯ ಮಣಿಯೂ ಸೀಳಬಹುದು.

ಅಸಲಿಗೆ ಗಾಜೇ ಹೌದೋ ಎಂಬುದನ್ನು ತಕ್ಕಡಿ ಹೇಳುತ್ತದೆ. 12 ಮಿಲಿಮೀಟರಿನ ದುಂಡು ಗಾಜಿನ ಮಣಿ ಎರಡು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ, ಅಕ್ರಿಲಿಕ್ ಒಂದು ಗ್ರಾಂ ಆಸುಪಾಸು. ನಡುವೆ ಸುತ್ತ ಒಂದು ಗೆರೆ ಓಡಿದ್ದರೆ ಅದು ಅಚ್ಚಿನಲ್ಲಿ ಒತ್ತಿದ್ದು. ಅಚ್ಚಿನ ಮಣಿ ಕೆಟ್ಟದ್ದೆಂದಲ್ಲ, ಆದರೆ ಕೈಕೆಲಸದ ಬೆಲೆ ಕೊಡಬೇಕಾಗಿಲ್ಲ.

ಬಣ್ಣಕ್ಕೆ ಎರಡು ಪರೀಕ್ಷೆ ಸಾಕು. ಕಿವಿ ಹತ್ತಿಕಡ್ಡಿಗೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಉಜ್ಜಿ. ಇನ್ನೊಂದು ಮಣಿಯನ್ನು ಒಂದು ಲೋಟ ನೀರು, ಒಂದು ಚಮಚ ಉಪ್ಪು, ಸ್ವಲ್ಪ ಲಿಂಬೆರಸದಲ್ಲಿ ಬಿಳಿ ಬಟ್ಟೆ ಸುತ್ತಿ ಒಂದು ದಿನ ಬಿಡಿ. ಗಾಜಿನ ಸ್ವಂತ ಬಣ್ಣ ಎರಡಕ್ಕೂ ಜಗ್ಗುವುದಿಲ್ಲ. ಮೇಲೆ ಬಳಿದ ಬಣ್ಣ, ಒಳಗೋಡೆಗೆ ತುಂಬಿದ ಬಣ್ಣ ಅಲ್ಲೇ ಬಿಡುತ್ತದೆ. ಅಸಿಟೋನ್ ಪರೀಕ್ಷೆ ಗಾಜಿಗೆ ಮಾತ್ರ. ಅಕ್ರಿಲಿಕ್ ಕರಗಿ ಮಂಕಾಗುತ್ತದೆ, ಚನ್ನಪಟ್ಟಣದ ಅರಗು ಬಳಿದ ಮರದ ಮಣಿಗೂ ಅದನ್ನು ತಾಗಿಸಬೇಡಿ. ಅಂದಹಾಗೆ ಅರಗು ಮದ್ಯಸಾರದಲ್ಲೂ ಕರಗುತ್ತದೆ. ಸರ ಹಾಕಿಕೊಂಡು ಸೆಂಟು ಹೊಡೆಯುವವರಿಗೆ, ಸ್ಯಾನಿಟೈಸರ್ ಕೈಯಲ್ಲಿ ಮಣಿ ಮುಟ್ಟುವವರಿಗೆ ಇದನ್ನು ಹೇಳಿಯೇ ಮಾರಿ.

ಇನ್ನು ‘ಕಿಟ್’ ಹೆಸರಲ್ಲಿ ಮಣಿಯ ಜೊತೆ ಪುಕ್ಕಟೆ ಬರುವ ತಂತಿ, ಕ್ರಿಂಪು (ತಂತಿಯ ತುದಿ ಹಿಡಿದಿಡಲು ಒತ್ತುವ ಲೋಹದ ಪುಟ್ಟ ಮಣಿ ಅಥವಾ ಕೊಳವೆ), ಹುಕ್ಕು. ಕಸದ ಬುಟ್ಟಿಗೆ ಹಾಕಿ ಮಾರಾಯ್ರೆ. 10 ಮಿಲಿಮೀಟರಿನ ಗಾಜಿನ ಮಣಿಯಲ್ಲಿ 40 ಸೆಂಟಿಮೀಟರಿನ ಸರ ಕಟ್ಟಿದರೆ ಮಣಿಯೇ ಸುಮಾರು 50 ಗ್ರಾಂ, 12ರದ್ದಾದರೆ 70 ಗ್ರಾಂ ದಾಟುತ್ತದೆ. ಕಿಟ್ಟಿನ 7 ಎಳೆಯ ತಂತಿ ಒಮ್ಮೆ ಮಡಿಚಿದರೆ ಅಲ್ಲೇ ಸೊಟ್ಟ ಉಳಿದು ಅಲ್ಲೇ ತುಂಡಾಗುತ್ತದೆ. ಈ ತೂಕಕ್ಕೆ 49 ಎಳೆಯ, 0.45 ಮಿಲಿಮೀಟರಿನ ನೈಲಾನ್ ಹೊದಿಕೆಯ ಸ್ಟೀಲ್ ತಂತಿ ಬೇಕು. ಹತ್ತಿ ನೂಲಂತೂ ನಮ್ಮ ಮಳೆಗಾಲಕ್ಕೆ ಲೆಕ್ಕಕ್ಕೇ ಇಲ್ಲ, ಬೂಸರು ಹಿಡಿದು ಕೊಳೆಯುತ್ತದೆ.

ಕ್ರಿಂಪಿಗೆ ದುಂಡು ಮಣಿಗಿಂತ 2 ಮಿಲಿಮೀಟರಿನ ಕೊಳವೆ ಒಳ್ಳೆಯದು. ಸಾಮಾನ್ಯ ಚಪ್ಪಟೆ ಇಕ್ಕಳದಲ್ಲಿ ಜಜ್ಜಿದರೆ ಅಂಚು ಹರಿತವಾಗಿ ತಂತಿಯನ್ನೇ ಕತ್ತರಿಸುತ್ತದೆ. ಕ್ರಿಂಪಿಂಗ್ ಇಕ್ಕಳದಲ್ಲಿ ಮೊದಲು ಒಳಗಿನ ಹಲ್ಲಿನಿಂದ ನಡುವೆ ಸೀಳು ಬೀಳಿಸಿ ಎರಡು ತಂತಿಯನ್ನು ಬೇರೆಬೇರೆ ಕಾಲುವೆಯಲ್ಲಿ ಕೂರಿಸಿ. ಆಮೇಲೆ ಹೊರಗಿನ ಹಲ್ಲಿನಲ್ಲಿ ಮಡಿಚಿ ದುಂಡಗೆ ಮಾಡಿ. ಬಾಲವನ್ನು ಎರಡು ಮೂರು ಸೆಂಟಿಮೀಟರ್ ಮಣಿಗಳೊಳಗೆ ಹಿಂದಕ್ಕೆ ಸೇರಿಸಿ. ಸರವನ್ನು ಕಡ್ಡಿಯಂತೆ ಬಿಗಿಯಬೇಡಿ, ಒಂದೆರಡು ಮಿಲಿಮೀಟರ್ ಸಡಿಲ ಬಿಟ್ಟರೆ ಮಣಿ ತಿರುಗಲು ಜಾಗವಿರುತ್ತದೆ. ಬಿಗಿದ ಸರದಲ್ಲಿ ತೂತಿನ ಅಂಚು ಒಂದೇ ಜಾಗದಲ್ಲಿ ಗರಗಸ ಆಡಿಸುತ್ತದೆ. ರಿಪೇರಿಗೆ ಬಂದ ತುಂಡು ಸರಗಳಲ್ಲಿ ಬಹುಪಾಲು ಕಡಿದದ್ದು ಕ್ರಿಂಪಿನ ಪಕ್ಕದ ಮಣಿಯಲ್ಲೇ.

ಹುಕ್ಕಿನ ವಿಷಯದಲ್ಲಿ ಕರಾವಳಿಯ ಲೆಕ್ಕ ಬೆಂಗಳೂರಿನದ್ದಲ್ಲ. ಒತ್ತಿ ತೆರೆಯುವ ಲಾಬ್‌ಸ್ಟರ್ ಹುಕ್ಕಿನೊಳಗೆ ಕೂದಲೆಳೆಯಂಥ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಬೆವರು, ಉಪ್ಪುಗಾಳಿ ಸೇರಿ ಅದು ತುಕ್ಕು ಹಿಡಿದರೆ ಹುಕ್ಕು ಮುಚ್ಚುವುದೇ ಇಲ್ಲ. ಕಿಟ್ಟಿನ ಹುಕ್ಕಿಗೆ ಅಯಸ್ಕಾಂತ ಹಿಡಿದು ನೋಡಿ, ಇಡೀ ಹುಕ್ಕು ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣದಷ್ಟು ತೆಳು ಲೇಪ. 316 ದರ್ಜೆಯ ಸ್ಟೀಲಿನಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಅದರದ್ದೇ ಎಸ್ ಕೊಕ್ಕೆ, ಇಲ್ಲವೇ ಸ್ಪ್ರಿಂಗ್ ಇಲ್ಲದ ತಿರುಪಿನ ಕೊಂಡಿ ಹಾಕಿ. ಜಂಪ್ ರಿಂಗ್ (ಹುಕ್ಕನ್ನು ಸರಕ್ಕೆ ಸೇರಿಸುವ ಪುಟ್ಟ ಉಂಗುರ) 0.8 ಮಿಲಿಮೀಟರ್ ದಪ್ಪದ್ದಾದರೆ 70 ಗ್ರಾಂ ಸರಕ್ಕೆ ಬಾಯಿ ಬಿಡಬಹುದು. 1 ಮಿಲಿಮೀಟರಿನದ್ದು, ಸಾಧ್ಯವಾದರೆ ಬೆಸುಗೆ ಹಾಕಿದ್ದು ಬೇಕು. ತೆರೆಯುವಾಗ ಅಗಲಿಸಬೇಡಿ, ಒಂದು ತುದಿಯನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ತಿರುಚಿ.

ಕುತ್ತಿಗೆಯ ತುರಿಕೆಗೆ ಕಾರಣ ಹೆಚ್ಚಾಗಿ ನಿಕ್ಕಲ್. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಬೆಳ್ಳಿ ಅದರಲ್ಲಿಲ್ಲ. ಬೆವರಿನಲ್ಲಿ ನಿಕ್ಕಲ್ ಬಿಡುತ್ತದೆ, ಒಮ್ಮೆ ಅಲರ್ಜಿ ಹತ್ತಿದ ಮೈಗೆ ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಡೈಮಿಥೈಲ್ ಗ್ಲೈಆಕ್ಸಿಮ್ ಎಂಬ ಪರೀಕ್ಷಾ ದ್ರಾವಣ ಸಿಗುತ್ತದೆ, ಹತ್ತಿಯಲ್ಲಿ ಉಜ್ಜಿದಾಗ ಗುಲಾಬಿ ಬಣ್ಣ ಬಂದರೆ ನಿಕ್ಕಲ್ ಇದೆ. ‘ಗೋಲ್ಡ್ ಫಿಲ್ಡ್’ ಎಂದು ಬರೆದ ಹುಕ್ಕಿನ ಬೆಲೆ ಹತ್ತು ರೂಪಾಯಿ ಇದ್ದರೆ ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಿ. ಅಸಲಿ ಗೋಲ್ಡ್ ಫಿಲ್ಡ್‌ನಲ್ಲಿ ತೂಕದ ಇಪ್ಪತ್ತನೇ ಒಂದು ಪಾಲು ಚಿನ್ನದ ಮಿಶ್ರಲೋಹ ಇರಬೇಕು.

ಈಗಾಗಲೇ ಇಂಥ ಮಾಲು ಕೈಯಲ್ಲಿದ್ದರೆ ಎಲ್ಲವನ್ನೂ ಎಸೆಯಬೇಕಾಗಿಲ್ಲ. ಒತ್ತಡದ ಮಣಿ ಬೇರೆ ತೆಗೆಯಿರಿ. ಉಳಿದವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಲ್ಲಿನ ಸಂದಿ ಉಜ್ಜುವ ಪುಟ್ಟ ಬ್ರಶ್ಶಿನಿಂದ ತೂತು ತೊಳೆಯಿರಿ. ಒಣ ಪುಡಿಯನ್ನು ಊದಿ ಹಾರಿಸಬೇಡಿ, ಅದು ಶ್ವಾಸಕ್ಕೆ ಒಳ್ಳೆಯದಲ್ಲ. ಹರಿತ ಅಂಚಿಗೆ ವಜ್ರದ ಪುಡಿ ಅಂಟಿಸಿದ ರೀಮರ್ ಎಂಬ ಮೊನಚು ಅರ ಸಿಗುತ್ತದೆ. ಮಣಿಯನ್ನೂ ರೀಮರಿನ ತುದಿಯನ್ನೂ ನೀರೊಳಗೆ ಇಟ್ಟು, ಒತ್ತದೆ, ಕೈಯಿಂದಲೇ ತಿರುಗಿಸಿ. ಒಣದಾಗಿ ಉಜ್ಜಿದರೆ ಬಿಸಿಗೆ ಮಣಿ ಸೀಳುತ್ತದೆ, ರೀಮರೂ ಹಾಳು. ತೂತು ದೊಡ್ಡದಾಗಿ ಮಣಿ ವಾಲುತ್ತಿದ್ದರೆ ಒಳಗೆ 15/0 ಅಳತೆಯ ಸಣ್ಣ ಮಣಿ ತುಂಬಿ, ತೂತು 3 ಮಿಲಿಮೀಟರ್ ಇದ್ದರೆ ಅದಕ್ಕಿಂತ ತುಸು ದೊಡ್ಡದಾದ 11/0. ಪಕ್ಕಪಕ್ಕದ ಮಣಿಗಳ ನಡುವೆಯೂ ಒಂದು ಸಣ್ಣ ಮಣಿ ಹಾಕಿದರೆ ಗಾಜಿಗೆ ಗಾಜು ತಾಗುವುದಿಲ್ಲ. ಇನ್ನೂ ಭದ್ರ ಬೇಕೆಂದರೆ ಚಿನ್ನದ ತಂತಿಯಲ್ಲಿ ಕಟ್ಟಿದ ಕರಿಮಣಿ ಸರದ ಕ್ರಮ ಅನುಸರಿಸಿ: ಪ್ರತಿ ಮಣಿಗೂ ಪ್ರತ್ಯೇಕ ತಂತಿ, ಎರಡು ತುದಿಗೆ ಕಣ್ಣು. ಕೆಲಸ ಜಾಸ್ತಿ, ಆದರೆ ಒಂದು ಕಡೆ ಕಡಿದರೂ ರಥಬೀದಿಯಲ್ಲಿ ಬಗ್ಗಿ ಮಣಿ ಹೆಕ್ಕುವ ಪ್ರಸಂಗ ಬರುವುದಿಲ್ಲ.

ಮುಂದೆ ತರಿಸುವಾಗ ಒಂದು ಸ್ಟ್ರಿಂಗ್ (ದಾರದಲ್ಲಿ ಪೋಣಿಸಿ ಮಾರುವ ಒಂದು ಎಳೆ ಮಣಿ) ಮಾತ್ರ ತರಿಸಿ, ಮೇಲಿನ ಪರೀಕ್ಷೆ ಮುಗಿಸಿ. ತೂತಿನ ಹತ್ತಿರದ ಫೋಟೋ ಕೇಳಿ, ಕೊಡದವರಿಂದ ಕೊಳ್ಳಬೇಡಿ. ಅನೀಲಿಂಗ್ ಎಲ್ಲಿ, ಎಷ್ಟು ಡಿಗ್ರಿಯಲ್ಲಿ ಎಂದು ಬರಹದಲ್ಲಿ ಕೇಳಿ. ಸ್ಟ್ರಿಂಗ್ 16 ಇಂಚು ಎಂದಿದ್ದರೆ ಗಂಟಿನಿಂದ ಗಂಟಿಗೋ ಮಣಿಯಿಂದ ಮಣಿಗೋ ಎಂಬುದನ್ನೂ. ಪೊಟ್ಟಣ ಒಡೆಯುವುದನ್ನು ತಕ್ಕಡಿ ಕಾಣುವಂತೆ ವಿಡಿಯೋ ಮಾಡಿಡಿ.

ಕೈಕೊಟ್ಟರೆ ಸುಮ್ಮನೆ ಕೂರಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲಿನ ಮೂಲ ದೇಶ ತೋರಿಸಬೇಕು, ಮಾರಾಟ ಜಾಲತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣ ಪಡೆದು ಮಾಲನ್ನೇ ಕಳಿಸದೆ ಮಾಯವಾದವರ ವಿರುದ್ಧ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ನೀವು ವ್ಯಾಪಾರಕ್ಕೆ ಕೊಂಡವರು, ಗ್ರಾಹಕರಲ್ಲ’ ಎಂಬ ವಾದ ಖಂಡಿತ ಬರುತ್ತದೆ. ಸ್ವಉದ್ಯೋಗದಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡು ಬಳಸಿದ ಸರಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ, ಅದನ್ನು ದೂರಿನಲ್ಲೇ ಬರೆಯಿರಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಸೀಳಿದ ಮಣಿಗಳನ್ನು ಎಸೆಯದೆ, ಬಿಲ್ಲಿನ ಜೊತೆ ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆಯೋಗದ ಮುಂದೆ ತೋರಿಸಲು ಬೇಕಾಗುವುದು ಅವೇ.