ಎಡಿಎಚ್‌ಡಿ ಮಾತ್ರೆ ಮತ್ತು ಮಧ್ಯಾಹ್ನದ ಡಬ್ಬಿ: ನಾವು ನೋಡಿದ ಮೂರು ದಾರಿ

ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಅದಕ್ಕೆ ಮೂರು ಬಗೆಯ ಔಷಧಿ ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗೆದ್ದದ್ದು ದಿನಕ್ಕೆ ಎರಡು ಸಲ ಕೊಡುವ ಸಣ್ಣ ಮಾತ್ರೆ. ದಿನವಿಡೀ ಕೆಲಸ ಮಾಡುವ ದುಬಾರಿ ಮಾತ್ರೆಯೂ ಅಲ್ಲ, ರಾತ್ರಿಯ ಕ್ಯಾಪ್ಸೂಲೂ ಅಲ್ಲ. ಈ ಸಣ್ಣ ಮಾತ್ರೆಗೆ ಬಂದ ಮೇಲೆ ಮಗನ ಊಟದ ಡಬ್ಬಿ ಖಾಲಿಯಾಗಿ ಮನೆಗೆ ಬರತೊಡಗಿತು. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಅವನಿಗೆ ಈಗ ಒಂಬತ್ತು ವರ್ಷ. ನಾವಿರುವುದು ಶಿವಮೊಗ್ಗದಲ್ಲಿ. ಮೂರನ್ನೂ ಬರೆದುಕೊಟ್ಟಿದ್ದು, ಬದಲಿಸಿದ್ದು ಒಬ್ಬರೇ ಮಕ್ಕಳ ಮನೋವೈದ್ಯರು. ಅವರನ್ನು ಕೇಳದೆ ಅರ್ಧ ಮಾತ್ರೆಯನ್ನೂ ನಾವು ಹೆಚ್ಚುಕಡಿಮೆ ಮಾಡಿಲ್ಲ. ನನ್ನ ಪಾಲಿನ ಕೆಲಸ ಒಂದು ನೋಟ್‌ಬುಕ್. ಇವತ್ತು ಏನು ತಿಂದ, ಎಷ್ಟೊತ್ತಿಗೆ ನಿದ್ದೆ ಬಂತು, ತಲೆನೋವು ಹೊಟ್ಟೆನೋವು ಅಂದನಾ, ದಿನಕ್ಕೊಂದು ಸಾಲು. ತಿಂಗಳಿಗೊಮ್ಮೆ ತೂಕ. ಡಾಕ್ಟರ್ ಹತ್ತಿರ ಹೋದಾಗ ನನ್ನ ಮಾತಿಗಿಂತ ಆ ನೋಟ್‌ಬುಕ್ಕೇ ಹೆಚ್ಚು ಕೆಲಸಕ್ಕೆ ಬಂತು.

ಮೊದಲು ಕೊಟ್ಟಿದ್ದು ಗಮನ ಹಿಡಿದಿಡಲು ಕೊಡುವ, ದಿನವಿಡೀ ನಿಧಾನವಾಗಿ ಮೈಗೆ ಸೇರುವ ಬಗೆಯ ಔಷಧಿ, ಮೀಥೈಲ್‌ಫೆನಿಡೇಟ್. ಬೆಳಿಗ್ಗೆ ಒಂದು ನುಂಗಿದರೆ ಸಂಜೆಯವರೆಗೆ ಯೋಚನೆ ಇಲ್ಲ, ಕೆಲವು ಬಗೆ 12 ಗಂಟೆಯವರೆಗೂ ಕೆಲಸ ಮಾಡುತ್ತವೆ. ಮಾತ್ರೆಯನ್ನು ಅಗಿಯುವಂತಿಲ್ಲ, ಪುಡಿ ಮಾಡುವಂತಿಲ್ಲ. ಹಾಗಾಗಿ ಒಂದು ವಾರ ಜೀರಿಗೆ ಪೆಪ್ಪರಮಿಂಟಿನಲ್ಲಿ ನುಂಗುವ ಅಭ್ಯಾಸ ಮಾಡಿಸಿದೆವು. ನಮಗೆ ಕೊಟ್ಟ ಬಗೆಯಲ್ಲಿ ಮಾತ್ರೆಯ ಹೊರಸಿಪ್ಪೆ ಮಲದಲ್ಲಿ ಹಾಗೇ ಹೊರಗೆ ಬರುತ್ತದೆ. ಔಷಧಿ ಒಳಗೆ ಕರಗಿರುತ್ತದೆ, ಹೆದರಬೇಕಾಗಿಲ್ಲ.

ಓದಿನ ಮಟ್ಟಿಗೆ ಒಂದು ದೂರೂ ಇರಲಿಲ್ಲ. ಎರಡನೇ ವಾರಕ್ಕೇ ಕನ್ನಡ ಕಾಪಿ ಪುಸ್ತಕದಲ್ಲಿ ಅಕ್ಷರಗಳು ಗೆರೆಯ ಮೇಲೆ ಕೂತವು. ಟೀಚರ್ ಕರೆದು ತೋರಿಸಿದಾಗ ನಾನು ಅತ್ತೇ ಬಿಟ್ಟೆ. ಆದರೆ ಅದೇ ಸಂಜೆ ಡಬ್ಬಿ ತೆಗೆದರೆ ಚಿತ್ರಾನ್ನ ಹಾಕಿದ ಹಾಗೇ ಇತ್ತು. ಮೇಲಿನ ಪದರ ಒಣಗಿ ಗಟ್ಟಿಯಾಗಿತ್ತು, ಚಮಚಕ್ಕೆ ಒಂದು ಅಗುಳೂ ಅಂಟಿರಲಿಲ್ಲ. ಮರುದಿನವೂ ಅದೇ ಕಥೆ. "ಗಂಟಲಲ್ಲಿ ಇಳಿಯಲ್ಲ ಅಮ್ಮ" ಅಂದ. ಹಟ ಅಲ್ಲ ಅದು. ಈ ಔಷಧಿ ಕೆಲಸ ಮಾಡುವಷ್ಟು ಹೊತ್ತೂ ಹಸಿವನ್ನು ಅಡಗಿಸುತ್ತದೆ, ಮಧ್ಯಾಹ್ನದ ಊಟ ಸರಿಯಾಗಿ ಅದರ ನಡುವೆ ಬೀಳುತ್ತದೆ.

ಜೂನ್‌ನಲ್ಲಿ 24.2 ಕಿಲೋ ಇದ್ದವನು ಸೆಪ್ಟೆಂಬರ್ ಕೊನೆಗೆ 22.6. "ಮಗು ಸೊರಗಿ ಹೋಗಿದೆ ಕಣೇ, ಕೈ ನೋಡು" ಅಂತ ಅತ್ತೆ ದಿನಾ ಅನ್ನುತ್ತಿದ್ದರು. ಅವರ ಮಾತಲ್ಲಿ ತಪ್ಪೇನಿತ್ತು? ಹೀಗೆ ವರ್ಷಗಟ್ಟಲೆ ನಡೆದರೆ ಕೆಲವು ಮಕ್ಕಳಲ್ಲಿ ಎತ್ತರ ಬೆಳೆಯುವುದೂ ನಿಧಾನವಾಗುತ್ತದೆ. ಅದಕ್ಕೇ ತೂಕದ ಜೊತೆ ಎತ್ತರ, ನಾಡಿಬಡಿತ, ಬಿಪಿ ನಾಲ್ಕನ್ನೂ ನೋಡುತ್ತಾ ಇರಬೇಕು.

ಇದಕ್ಕೂ ದಾರಿ ಇದೆ, ನಾವೂ ಮಾಡಿ ನೋಡಿದೆವು. ಮಾತ್ರೆಗೆ ಮೊದಲು ಗಟ್ಟಿ ತಿಂಡಿ: ಎರಡು ಅಕ್ಕಿ ರೊಟ್ಟಿ, ಬೆಣ್ಣೆ, ಒಂದು ಮೊಟ್ಟೆ. ಸಂಜೆ ಒತ್ತಾಯ ಇಲ್ಲ. ರಾತ್ರಿ ಎಂಟೂವರೆಗೆ ಮಾತ್ರೆಯ ಪ್ರಭಾವ ಇಳಿದಾಗ ಹಸಿವು ಒಮ್ಮೆಲೇ ಬರುತ್ತದಲ್ಲ, ಆಗ ತುಪ್ಪ ಹಾಕಿದ ಅನ್ನ ಸಾರು, ಮಲಗುವ ಮೊದಲು ಹಾಲಿನಲ್ಲಿ ಕಾಯಿಸಿದ ರಾಗಿ ಗಂಜಿ. ತೂಕ ಇಳಿಯುವುದು ನಿಂತಿತು. ಆದರೆ ಹೊಟ್ಟೆ ತುಂಬಿಸಿಕೊಂಡು ಮಲಗಿದವನಿಗೆ ಹನ್ನೊಂದಾದರೂ ನಿದ್ದೆ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತಡವಾಗಿ ಮಾತ್ರೆ ಕೊಟ್ಟು, ರಾತ್ರಿ ಹನ್ನೆರಡೂವರೆ ತನಕ ಅವನ ಜೊತೆ ಜಗಲಿಯಲ್ಲಿ ಕೂತಿದ್ದೆ.

ಆಮೇಲೆ ಅಟೊಮೊಕ್ಸೆಟಿನ್ ಕ್ಯಾಪ್ಸೂಲ್. ಇದು ಬೇರೆ ಜಾತಿಯ ಔಷಧಿ. ಇವತ್ತು ಕೊಟ್ಟರೆ ಇವತ್ತೇ ಗೊತ್ತಾಗಲ್ಲ, ನಾಲ್ಕರಿಂದ ಆರು ವಾರ ಕಾಯಬೇಕು. ಖಾಲಿ ಹೊಟ್ಟೆಗೆ ಕೊಟ್ಟ ದಿನ ಸ್ಕೂಲ್ ಆಟೋದಲ್ಲೇ ವಾಂತಿ ಮಾಡಿಕೊಂಡ. ಡಾಕ್ಟರ್ ಅದನ್ನು ರಾತ್ರಿ ಊಟದ ಮೇಲಕ್ಕೆ ಹಾಕಿದ ನಂತರ ವಾಂತಿ ನಿಂತಿತು. ಇದರ ಒಂದು ಒಳ್ಳೆಯ ಗುಣ ಹೇಳಲೇಬೇಕು. ಏರಿಳಿತ ಇಲ್ಲ. ಬೆಳಿಗ್ಗೆ ಎದ್ದಾಗಲೂ ಒಂದೇ ತರ, ಸಂಜೆಯೂ ಒಂದೇ ತರ. ಹಲ್ಲುಜ್ಜಿ ಯೂನಿಫಾರ್ಮ್ ಹಾಕಿಸುವ ಹೊತ್ತಿನ ಗಲಾಟೆ ಕಮ್ಮಿಯಾಯಿತು. ಆದರೆ ಮೂರನೇ ಪೀರಿಯಡ್‌ಗೆ ತೂಕಡಿಸುತ್ತಿದ್ದ, ಹೊಟ್ಟೆ ತೊಳಸುತ್ತದೆ ಎಂದು ಡಬ್ಬಿಯನ್ನೂ ಅರ್ಧ ಬಿಡುತ್ತಿದ್ದ. ಕೆಲವು ಮಕ್ಕಳಲ್ಲಿ ಸಾಯುವ ಮಾತು, ವಿಪರೀತ ಬೇಸರ ಕಾಣಿಸಬಹುದು, ಮೊದಲ ವಾರಗಳಲ್ಲಿ ಕಣ್ಣಿಟ್ಟಿರಿ, ಕಂಡರೆ ಕೂಡಲೇ ಕರೆ ಮಾಡಿ ಎಂದು ಡಾಕ್ಟರ್ ಹೇಳಿದ್ದರು. ನಮ್ಮವನಲ್ಲಿ ಅದು ಕಾಣಲಿಲ್ಲ. ಆದರೂ ಇದನ್ನು ಕೊಟ್ಟ ಒಂಬತ್ತು ವಾರವೂ ರಾತ್ರಿ ಅವನ ಮಾತು ಮುಗಿಯುವ ತನಕ ಪಕ್ಕದಲ್ಲೇ ಇರುತ್ತಿದ್ದೆ. ಇದನ್ನು ಕೊಡುವ ಯಾವ ಮನೆಯವರೂ ಆ ಎಚ್ಚರಿಕೆಯನ್ನು ಹಗುರ ಮಾಡಬೇಡಿ.

ಮೂರನೆಯದು ಸಣ್ಣ ಮಾತ್ರೆ. ಮತ್ತೆ ಮೀಥೈಲ್‌ಫೆನಿಡೇಟೇ, ಆದರೆ ಮೂರೂವರೆ ನಾಲ್ಕು ಗಂಟೆಯಲ್ಲಿ ಮುಗಿಯುವಂಥದ್ದು. ಮೊದಲು 5 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ, ದಿನಕ್ಕೆ ಎರಡು ಸಲ. ಶಾಲೆ ಶುರುವಾಗುವುದು ಒಂಬತ್ತೂವರೆಗೆ. ತಿಂಡಿ ಮುಗಿಸಿ ಎಂಟೂ ಮುಕ್ಕಾಲಿಗೆ ಕೊಟ್ಟರೆ ಹನ್ನೆರಡೂವರೆಗೆ ಇಳಿಯುತ್ತದೆ. ಊಟದ ಬೆಲ್ ಹನ್ನೆರಡು ಐವತ್ತಕ್ಕೆ. ಅಷ್ಟರಲ್ಲಿ ಅವನಿಗೆ ಹಸಿವು! ಉಂಡ ಮೇಲೆ ಒಂದೂಕಾಲಿಗೆ ಎರಡನೆಯದು, ಸಂಜೆ ಐದರ ಹೊತ್ತಿಗೆ ಅದೂ ಮುಗಿಯುತ್ತದೆ, ಒಂಬತ್ತೂವರೆಗೆ ನಿದ್ದೆ.

ಕೇಳಲು ಎಷ್ಟು ಸುಲಭ ಅಲ್ವಾ? ಆದರೆ ಒಂದೂಕಾಲಿನ ಆ ಅರ್ಧ ಮಾತ್ರೆಯನ್ನು ಶಾಲೆಯಲ್ಲಿ ಯಾರು ಕೊಡಬೇಕು?

ಕ್ಲಾಸ್ ಟೀಚರ್ ಆಗಲ್ಲ ಅಂದರು. "ನಾಳೆ ಏನಾದರೂ ಆದರೆ ಯಾರು ಹೊಣೆ ಹೇಳಿ ಮೇಡಂ?" ಅವರ ಭಯವೂ ನ್ಯಾಯವೇ. ಸರಿ, ಅವನೇ ತಗೊಳ್ಳಲಿ ಎಂದು ಕಾಗದದಲ್ಲಿ ಮಡಚಿ ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟು ಕಳಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಮೂರನೇ ವಾರ ಬಟ್ಟೆ ಒಗೆಯುವಾಗ ಅವನ ಚಡ್ಡಿ ಜೇಬಿನಲ್ಲಿ ಒದ್ದೆ ಕಾಗದ, ಅದರೊಳಗೆ ಬಿಳಿ ಹಿಟ್ಟಿನ ಮುದ್ದೆ. ಮೂರು ದಿನದ್ದು. ಪಕ್ಕದ ಹುಡುಗ "ಏನೋ ಅದು, ಚಾಕಲೇಟಾ, ನಂಗೂ ಕೊಡೋ" ಅಂದಿದ್ದನಂತೆ. ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡಿದ್ದಾನೆ. ಆ ಮಗುವಿಗೆ ಕೊಟ್ಟುಬಿಟ್ಟಿದ್ದರೆ? ನೆನೆಸಿಕೊಂಡರೆ ಇವತ್ತಿಗೂ ಎದೆ ಡವಗುಟ್ಟುತ್ತದೆ. ಈ ಮಾತ್ರೆ ಮಕ್ಕಳ ಕೈಯಲ್ಲಿ ಹೋಗಲೇಬಾರದು.

ಆಮೇಲೆ ನಮ್ಮ ಮನೆಯವರು ಹನ್ನೊಂದು ದಿನ ಆಫೀಸಿನಿಂದ ಸ್ಕೂಟರ್‌ನಲ್ಲಿ ಬಂದು ಗೇಟಿನ ಹತ್ತಿರ ಕೊಟ್ಟು ಹೋದರು. ಗೆಳೆಯರೆಲ್ಲ "ನಿಮ್ಮಪ್ಪ ಯಾಕೋ ದಿನಾ ಬರ್ತಾರೆ" ಎಂದು ಕೇಳತೊಡಗಿದಾಗ ಅವನು ಗೇಟಿಗೆ ಬರುವುದನ್ನೇ ನಿಲ್ಲಿಸಿದ.

ಕೊನೆಗೆ ದಾರಿ ಸಿಕ್ಕಿದ್ದು ಡಾಕ್ಟರ ಒಂದು ಪತ್ರದಿಂದ. ಮಗನ ಹೆಸರು, ಮಾತ್ರೆಯ ಹೆಸರು, ಎಷ್ಟು, ಎಷ್ಟು ಹೊತ್ತಿಗೆ, ತಪ್ಪಿದರೆ ಏನು ಮಾಡಬೇಕು (ತಡವಾಗಿ ಕೊಡುವುದು ಬೇಡ, ಬಿಟ್ಟುಬಿಡಿ), ಎಲ್ಲವೂ ಅರ್ಧ ಪುಟದಲ್ಲಿ. ಅದರ ಕೆಳಗೆ ನಮ್ಮಿಬ್ಬರ ಒಪ್ಪಿಗೆ, ಸಹಿ. ಹೆಡ್ ಮೇಡಂ ಓದಿ ಒಪ್ಪಿದರು. ಒಂದು ವಾರದ ಮಾತ್ರೆ ಹೆಸರು ಬರೆದ ಡಬ್ಬಿಯಲ್ಲಿ ಆಫೀಸ್ ರೂಮಿನ ಬೀಗದ ಬೀರುವಿನಲ್ಲಿರುತ್ತದೆ. ಊಟ ಆದ ಮೇಲೆ ಅವನು ನೀರು ತುಂಬಿಸಿಕೊಳ್ಳುವ ನೆಪದಲ್ಲಿ ಹೋಗುತ್ತಾನೆ. ಅಲ್ಲಿನ ಕ್ಲರ್ಕ್ ಅಕ್ಕ ಕೊಟ್ಟು, ನುಂಗಿದ್ದನ್ನು ನೋಡಿ, ಹಾಳೆಯಲ್ಲಿ ಟಿಕ್ ಹಾಕುತ್ತಾರೆ. ಶುಕ್ರವಾರ ನಾನು ಹಾಳೆ ನೋಡಿ ಸಹಿ ಮಾಡುತ್ತೇನೆ. ಇಷ್ಟಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಮೊದಲ ದಿನವೇ ಪತ್ರ ಕೇಳಿದ್ದರೆ ಅಷ್ಟೂ ದಿನ ಉಳಿಯುತ್ತಿತ್ತು.

ಇದರಲ್ಲಿ ದಿನಕ್ಕೆ ಎರಡು ಸಲ ಇಳಿತ ಇದೆ. ಸಂಜೆ ಐದಕ್ಕೆ ಸುಮ್ಮಸುಮ್ನೆ ರೇಗುತ್ತಾನೆ, ತಂಗಿಯ ಜೊತೆ ಜಗಳ ತೆಗೆಯುತ್ತಾನೆ. ಆ ಅರ್ಧ ಗಂಟೆ ಹೋಮ್‌ವರ್ಕ್ ಮಾತೇ ಇಲ್ಲ. ಬಾಗಿಲು ತೆರೆದ ಕೂಡಲೇ ಬಾಳೆಹಣ್ಣು, ಶೇಂಗಾ ಚಿಕ್ಕಿ, ಆಮೇಲೆ ಸೈಕಲ್. ಹೊಟ್ಟೆಗೆ ಬಿದ್ದ ಮೇಲೆ ತಾನೇ ಸರಿಹೋಗುತ್ತಾನೆ.

ತಲೆನೋವು: ಮೀಥೈಲ್‌ಫೆನಿಡೇಟ್ ಎರಡೂ ಬಗೆಯಲ್ಲಿ ಮೊದಲ ವಾರ ಇತ್ತು, ನೀರು ಜಾಸ್ತಿ ಕುಡಿಸಿದೆವು, ಹೋಯಿತು.

ಖರ್ಚು: ನಮಗೆ ಸಣ್ಣ ಮಾತ್ರೆಯೇ ಎಲ್ಲಕ್ಕಿಂತ ಅಗ್ಗ. ಇಬ್ಬರು ಮಕ್ಕಳ ಫೀಸು ಕಟ್ಟುವ ಮನೆಗೆ ಅದೂ ಲೆಕ್ಕವೇ.

ಔಷಧಿ ಅಂಗಡಿ: ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಅಂದರೆ ಸರ್ಕಾರ ಬಿಗಿಯಾಗಿ ನಿಯಂತ್ರಿಸುವ ಔಷಧಿಗಳ ಪಟ್ಟಿ. ಅದಕ್ಕೆ ಬೇರೆ ಲೈಸೆನ್ಸ್ ಇರುವ ಅಂಗಡಿಯೇ ಬೇಕು, ಚೀಟಿಯೂ ಎರಡು ಪ್ರತಿ ಬೇಕು. ಒಂದನ್ನು ಅವರು 2 ವರ್ಷ ಇಟ್ಟುಕೊಳ್ಳುತ್ತಾರೆ. ಮಾತ್ರೆ ಹತ್ತು ಉಳಿದಿರುವಾಗಲೇ ಹೋಗಿ. ಅಟೊಮೊಕ್ಸೆಟಿನ್‌ಗೆ ಈ ಓಡಾಟ ಇಲ್ಲ.

ನಮ್ಮ ಶಾಲೆ ಮನೆಯಿಂದ ಐದು ನಿಮಿಷ, ಮಾತು ಕೇಳುವ ಹೆಡ್ ಮೇಡಂ ಇದ್ದಾರೆ, ಬೆಳಿಗ್ಗೆ ಗಡಿಯಾರ ನೋಡಿಕೊಂಡು ತಿಂಡಿ ಕೊಡಲು ನಾನಿದ್ದೇನೆ. ಅದಕ್ಕೇ ಸಣ್ಣ ಮಾತ್ರೆ ನಡೆಯಿತು. ಶಾಲೆ ದೂರ ಇದ್ದರೆ, ಮಧ್ಯಾಹ್ನ ಕೊಡುವವರು ಇಲ್ಲದಿದ್ದರೆ, ದಿನದ ಮಾತ್ರೆಯನ್ನೇ ಇಟ್ಟುಕೊಂಡು ಬೆಳಿಗ್ಗೆ ರಾತ್ರಿ ಊಟ ಗಟ್ಟಿ ಮಾಡುವುದು ಮೇಲು. ಆತಂಕ ಜಾಸ್ತಿ ಇರುವ ಮಗುವಿಗೆ, ತಡೆಯಲಾಗದೆ ಮತ್ತೆ ಮತ್ತೆ ಕಣ್ಣು ಮಿಟುಕಿಸುವಂಥ ತೊಂದರೆ (ಟಿಕ್) ಇರುವ ಮಗುವಿಗೆ ಅಟೊಮೊಕ್ಸೆಟಿನ್ ಹೊಂದಬಹುದಾ ಎಂದು ಡಾಕ್ಟರನ್ನು ಕೇಳಿ ನೋಡಿ.

ಶನಿವಾರ ಅರ್ಧ ದಿನದ ಶಾಲೆ. ಡಾಕ್ಟರ್ ಹೇಳಿದಂತೆ ಅವತ್ತು ಬೆಳಗಿನದು ಮಾತ್ರ, ಭಾನುವಾರ ಅದೂ ಇಲ್ಲ. ಕಳೆದ ಶನಿವಾರ ಮನೆಗೆ ಬಂದವನು ಬ್ಯಾಗ್ ಇಳಿಸುವ ಮೊದಲೇ ಅಡುಗೆಮನೆಗೆ ಬಂದು "ಸಾರು ಯಾವುದು" ಅಂದ. ಮೂರು ಸಲ ಬಡಿಸಿಕೊಂಡು ತಿಂದ. ಸಂಜೆ ತೂಕ ನೋಡಿದೆವು, 24.9.