ಕ್ರಿಸ್ಟಾ ಡೀಸೆಲ್ಲಾ, ಹೈಕ್ರಾಸ್ ಹೈಬ್ರಿಡ್ಡಾ? ಹತ್ತು ವರ್ಷ ಇಟ್ಕೊಳೋರಿಗೆ

ಅಣ್ಣ, ಟ್ಯಾಕ್ಸಿಗೆ ಯಾವ ಇನ್ನೋವಾ ಜಾಸ್ತಿ ಬಾಳುತ್ತೆ ಅಂತ ಕೇಳಿದ್ರಲ್ಲ, ಎಲ್ಲರಿಗೂ ಇರೋ ಭಯ ಬ್ಯಾಟರಿದೇ. ಹೈಕ್ರಾಸ್ ಹೈಬ್ರಿಡ್ ಅಂದ್ರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರ್ರೂ ಇರೋ ಗಾಡಿ; ಆ ಬ್ಯಾಟರಿಗೆ ಟೊಯೋಟಾ 8 ವರ್ಷ ಇಲ್ಲಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತೆ, ಟ್ಯಾಕ್ಸಿ ಆದ್ರೆ ಕಿಲೋಮೀಟರ್ರೇ ಮೊದ್ಲು ಮುಗಿಯೋದು, ಆಮೇಲಿನ ಖರ್ಚಿಗೆ ಈಗ್ಲಿಂದ್ಲೇ ದುಡ್ಡು ಎತ್ತಿಡ್ಬೇಕು.

ಆದ್ರೆ ಅದ್ರಲ್ಲಿ ಕ್ಲಚ್ಚೇ ಇಲ್ಲ, ಸವೆಯೋ ಮಾತೇ ಇಲ್ಲ. ಚಾಮುಂಡಿ ಬೆಟ್ಟ ಇಳಿಯುವಾಗ ಮೀಟರ್ ನೋಡಿ, ಮೋಟರ್ರೇ ಗಾಡಿ ನಿಧಾನ ಮಾಡ್ತಾ ಕರೆಂಟ್ ತುಂಬುತ್ತೆ, ಚಾರ್ಜ್ ಕಡ್ಡಿ ಒಂದೊಂದೇ ಏರುತ್ತೆ, ಬ್ರೇಕ್ ಪ್ಯಾಡೂ ಉಳಿಯುತ್ತೆ. ಬ್ಯಾಟರಿಗೆ ಗಾಳಿ ಎಳ್ಕೊಳೋ ಜಾಲರಿಗೆ ಮಾತ್ರ ಧೂಳು, ಕಡ್ಲೆಕಾಯಿ ಸಿಪ್ಪೆ ತುಂಬದಂಗೆ ನೋಡ್ಕೊಳಿ (ನಮ್ ಪ್ಯಾಸೆಂಜರ್‌ಗಳು ಗೊತ್ತಲ್ಲ!).

ಕ್ರಿಸ್ಟಾ ಲ್ಯಾಡರ್ ಫ್ರೇಮು (ಲಾರಿ ತರ ಗಟ್ಟಿ ಚಾಸಿ), ಹಿಂದಿನ ಚಕ್ರಕ್ಕೆ ಪವರ್ರು, ಮಂಡ್ಯ ಕಡೆ ಕಬ್ಬಿನ ಗದ್ದೆ ದಾರಿಗೆ, ಫುಲ್ ಲೋಡಿಗೆ ಅದೇ ಸರಿ, ರಿಪೇರಿ ಗೊತ್ತಿರೋ ಮೆಕ್ಯಾನಿಕ್ಕೂ ಸುಲಭವಾಗಿ ಸಿಗ್ತಾರೆ. ಆದ್ರೆ ಬರೀ ದೇವರಾಜ ಅರಸ್ ರಸ್ತೆ ಟ್ರಾಫಿಕ್ಕಲ್ಲಿ ಚೂರುಚೂರು ಓಡ್ಸಿದ್ರೆ ಹೊಗೆ ಪೈಪಲ್ಲಿರೋ ಮಸಿ ಫಿಲ್ಟರ್ರಲ್ಲಿ (DPF) ಮಸಿ ಕಟ್ಕೊಳುತ್ತೆ, ಆಗಾಗ ಹೈವೇಲಿ ಓಡಿಸ್ಲೇಬೇಕು.

ಸಿಟಿ ಬಾಡಿಗೆನೇ ಜಾಸ್ತಿ ಅಂದ್ರೆ ನಾನು ಹೈಬ್ರಿಡ್ ಅಂತೀನಿ. ಹಳ್ಳಿ, ಲಗೇಜು ಅಂದ್ರೆ ಕ್ರಿಸ್ಟಾ. ಸೆಕೆಂಡ್ಸ್ ಹೈಬ್ರಿಡ್ ತಗೊಳೋದಾದ್ರೆ ಬ್ಯಾಟರಿ ಹೆಲ್ತ್ ಚೆಕ್ ಮಾಡ್ಸದೆ ಅಡ್ವಾನ್ಸ್ ಕೊಡ್ಬೇಡಿ.